ಎರಡೇ ತಿಂಡಿಯ ಹೋಟೆಲು

ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ ನನ್ನ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದರು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಆ ಸುದ್ದಿಯನ್ನು ನಾನು ಯಾರಿಗೂ ಹೇಳಬೇಕಾಗಲಿಲ್ಲ. ನನ್ನ ಕೂಗು ಕೇಳಿಯೇ ಎಲ್ಲರೂ ಬಂದರು. ದೂರದವರಿಗೆ ನನ್ನ ತಮ್ಮ ಫೋನ್ ಮಾಡಿದ. ಹೀಗಾಗಿ ಎರಡು ತಿಂಗಳು ಕಳೆದರೂ ಅವರು ಸತ್ತರು ಎಂಬ ಮಾತು ನನ್ನ ಬಾಯಿಂದ ಒಮ್ಮೆಯೂ ಹೊರಬಿದ್ದಿರಲಿಲ್ಲ.

ಸಾವಾದ ಮನೆಯಲ್ಲಿ ಕೆಲವು ದಿನ ಒಲೆ ಹಚ್ಚುವುದಿಲ್ಲ. ಬೀಗರು, ನೆಂಟರು ಬುತ್ತಿ ತರುತ್ತಾರೆ. ಡಬ್ಬಿಗಳನ್ನು ಸಾಲಾಗಿ ಬಿಚ್ಚಿಟ್ಟು, "ಏನ್ ಹಾಕ್ಲಿ ಹೇಳವಾ? ರೊಟ್ಟಿ ತಿಂತಿಯೋ, ಮೊಸರನ್ನ ಉಣ್ತಿಯೋ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ಅವರು ಹಾಕಿದ್ದನ್ನು ಬೆರಳಿನಿಂದ ಕೆದಕಿ ಹಾಗೆಯೇ ಬಿಡುತ್ತಿದ್ದೆ. ಬುತ್ತಿ ನಿಂತ ಮೇಲೆ ಬೇರೆ ಪ್ರಶ್ನೆಗಳು ಬಂದವು. ಖಾರಪುಡಿಯ ಕೆಲಸ ನಡೆಸುತ್ತೀಯೋ, ಬಿಡುತ್ತೀಯೋ? ಯಜಮಾನರ ಗಾಡಿ ಇಟ್ಟುಕೊಳ್ಳುತ್ತೀಯೋ, ಕೊಡುತ್ತೀಯೋ?

ಯಾವುದೋ ಕಾಗದಪತ್ರಕ್ಕಾಗಿ ಒಂದು ದಿನ ತಮ್ಮನ ಜೊತೆ ಹಾವೇರಿಗೆ ಹೋಗಿದ್ದೆ. ಮಧ್ಯಾಹ್ನ ದೊಡ್ಡ ಹೋಟೆಲಿನಲ್ಲಿ ಕುಳಿತೆವು. ಸಪ್ಲಾಯರ್ ಬಂದು ಇಡ್ಲಿಯಿಂದ ಹಿಡಿದು ಪಲಾವಿನವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ನಾನು ಅವನ ಮುಖವನ್ನೇ ನೋಡುತ್ತ ಕುಳಿತೆ.

"ಲಗೂ ಹೇಳ್ರಿ ಅಕ್ಕಾರ, ಹಿಂದ ಮಂದಿ ನಿಂತಾರ."

ನಾನು ಎದ್ದುಹೋಗಿ, ಕೈತೊಳೆಯುವ ನಲ್ಲಿ ಬಿಟ್ಟುಕೊಂಡು ಅತ್ತೆ. ತಮ್ಮ ಗಾಬರಿಯಾಗಿ ಮೂರು ನಮೂನೆಯ ದೋಸೆ ಕಟ್ಟಿಸಿಕೊಂಡು ಬಂದ. ಬಸ್ಸಿನಲ್ಲಿ, "ಇದರಾಗ ಯಾವುದು ಬೇಕಕ್ಕಾ?" ಅಂದ.

ಶಿವರಾತ್ರಿ ಕಳೆದ ಮೇಲೆ ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋಗಲೇಬೇಕಾಯಿತು. ಮನೆಯಲ್ಲಿ ಖಾರಪುಡಿ ಮಾಡಿ ಅಂಗಡಿಗಳಿಗೆ ಹಾಕುವುದು ನಮ್ಮಿಬ್ಬರ ಕೆಲಸವಾಗಿತ್ತು. ತಮ್ಮ ತಾನೇ ಹೋಗುತ್ತೇನೆಂದ. ಕಾಯಿ ಮುರಿದು ಮೂಸಿ ನೋಡಿ ಆರಿಸುವುದು ಅವನಿಗೆ ತಿಳಿಯದು, ಹಾಗಾಗಿ ನಾನೇ ಹೊರಟೆ. ಆದರೆ ಅಂಜಿಕೆ ಇತ್ತು. ಅಲ್ಲಿ ನಮ್ಮಿಬ್ಬರನ್ನೂ ಬಲ್ಲವರಿದ್ದರು, ಅವರಲ್ಲಿ ಸುದ್ದಿ ತಿಳಿಯದ ಯಾರಿಗಾದರೂ ನಾನೇ ಹೇಳಬೇಕಾಗಬಹುದಿತ್ತು.

ಕಾಯಿಯ ಅಂಗಡಿಯವರಿಗೆ ಸುದ್ದಿ ಮೊದಲೇ ಗೊತ್ತಾಗಿತ್ತು. ಅವರು ತಲೆ ತಗ್ಗಿಸಿ ಚೀಲ ಬಿಚ್ಚಿ ತೋರಿಸಿದರು. ಕಾಯಿ ಆರಿಸಿ, ತೂಕವಾಗುವವರೆಗೆ ಏನಾದರೂ ತಿನ್ನೋಣವೆಂದು ಪೇಟೆಯ ಹಿಂದೆ ನಾವಿಬ್ಬರೂ ಯಾವಾಗಲೂ ತಿನ್ನುತ್ತಿದ್ದ ತಗಡಿನ ಹೋಟೆಲಿಗೆ ನಡೆದೆ.

ಅಲ್ಲಿ ಒಬ್ಬ ಅಜ್ಜಿ ಎರಡೇ ತಿಂಡಿ ಮಾಡುತ್ತಿದ್ದಳು. ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಬಜ್ಜಿ. ಮೇಲೊಂದು ಚಹಾ. ಬೋರ್ಡೂ ಇಲ್ಲ, ಕೇಳುವುದೂ ಇಲ್ಲ. ರಸ್ತೆಯಲ್ಲಿ ಗುರುತಿನ ಗಿರಾಕಿ ಕಂಡರೆ ಅಲ್ಲಿಂದಲೇ ತಾಟು ಬಡಿಸಿ ಹಚ್ಚಲು ಶುರು ಮಾಡುವಳು, ಬಂದು ಕುಳಿತುಕೊಳ್ಳುವಷ್ಟರಲ್ಲಿ ತಾಟು ಎದುರಿಗಿರುತ್ತಿತ್ತು. "ಎರಡೇ ಮಾಡೋರು ಎರಡನ್ನೂ ಚಲೋ ಮಾಡ್ತಾರ ನೋಡು" ಎನ್ನುತ್ತಿದ್ದರು ಯಜಮಾನರು. ನನಗೆ ಆ ದಿನ ಬೇಕಾಗಿದ್ದದ್ದು ರುಚಿಯಲ್ಲ. ಏನು ಬೇಕೆಂದು ಯಾರೂ ಕೇಳದ ಒಂದು ಜಾಗ ಸಿಕ್ಕರೆ ಸಾಕಿತ್ತು. ಬೆಂಚಿನ ಮೇಲೆ ಕುಳಿತಾಗ ಹೆಗಲು ತಾನಾಗಿ ಇಳಿಯಿತು.

ಅಜ್ಜಿ ಎರಡು ತಾಟು ತಂದಿಟ್ಟಳು.

ತಪ್ಪು ಅವಳದಲ್ಲ. ಯಜಮಾನರು ಯಾವಾಗಲೂ ತೂಕ ಮುಗಿಸಿಕೊಂಡು ನನ್ನ ಹಿಂದೆ ಐದು ನಿಮಿಷ ತಡವಾಗಿ ಬರುತ್ತಿದ್ದರು. ಅವಳು ಎಂದಿನಂತೆ ಅವರ ತಾಟಿಗೆ ಒಂದು ಮಿರ್ಚಿ ಹೆಚ್ಚಿಗೆ ಹಾಕಿದ್ದಳು. ಅದು ಆರಬಾರದೆಂದು ಮೇಲೊಂದು ತಾಟು ಮುಚ್ಚಿ ಒಲೆಯ ಕಡೆ ತಿರುಗಿದಳು.

ಸುಮ್ಮನೆ ನನ್ನದನ್ನು ತಿಂದು ಎದ್ದುಹೋಗಬಹುದಿತ್ತು.

"ಎವ್ವಾ, ಅವರು ಬರಂಗಿಲ್ಲ" ಅಂದೆ.

"ತೂಕಕ್ಕ ಪಾಳಿ ಬಾಳ ಐತೇನು? ಇರ್ಲಿ ಬಿಡು, ಮುಚ್ಚೇನಿ."

"ಅಲ್ಲಬೇ. ಸಂಕ್ರಾಂತಿ ಮುಂದ ತೀರಿಕೊಂಡ್ರು."

ಹೇಳಿಬಿಟ್ಟಿದ್ದೆ. ಅವಳು ಸೌಟು ಕೆಳಗಿಟ್ಟಳು. ಹೇಗೆ, ಯಾವಾಗ, ಯಾವ ದವಾಖಾನೆ ಎಂದು ಅವಳು ಏನೂ ಕೇಳಲಿಲ್ಲ. ಒಲೆಯ ಉರಿ ತಗ್ಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿನ ಬೆಂಚಿನ ಮೇಲೆ ಕುಳಿತಳು. ಅವಳು ಕುಳಿತದ್ದನ್ನು ನಾನು ಮೊದಲ ಸಲ ನೋಡಿದ್ದೇ ಆಗ. ಮುಚ್ಚಿದ ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ಹಚ್ಚಿದ ತಾಟು ತಿರುಗಿ ಪಾತೇಲಿಗೆ ಸುರಿಬಾರದು. ನೀ ಉಣ್ಣು, ನಾನೂ ಉಣ್ತೇನಿ."

ಇಬ್ಬರೂ ತಿನ್ನತೊಡಗಿದೆವು. ಎರಡು ತುತ್ತಿಗೇ ಅವಳು ಮುಖ ಕಿವುಚಿದಳು.

"ಅಯ್ಯ ಇದರ! ಇದೇನ ತಂಗೆವ್ವಾ, ಇಷ್ಟು ಉಪ್ಪು? ಇವತ್ತ ಅಷ್ಟ ಹಿಂಗಾಗೇತೋ, ಯಾವಾಗ್ಲೂ ಹಿಂಗೋ?"

"ಯಾವಾಗ್ಲೂ ಹಿಂಗಬೇ. ಅವರು ಊರು ಮುಟ್ಟೂದ್ರಾಗ ಎರಡು ಬಾಟ್ಲಿ ನೀರು ಕುಡೀತಿದ್ರು."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ಇಬ್ಬರಿಗೂ?"

"ನೀ ಯಾವತ್ತರ ಕೇಳೀಯೇನು?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಪಕ್ಕದ ಬೆಂಚಿನಲ್ಲಿದ್ದ ಪೇಟೆಯ ಹಮಾಲರು ನಮ್ಮಿಬ್ಬರನ್ನೂ ನೋಡುತ್ತ ಚಹಾ ಕುಡಿದರು. ಅಜ್ಜಿ ಆ ಹೆಚ್ಚಿನ ಮಿರ್ಚಿಯನ್ನು ಮುರಿದು ಅರ್ಧ ನನ್ನ ತಾಟಿಗೆ ಹಾಕಿದಳು. ಎರಡು ತಿಂಗಳಲ್ಲಿ ನಾನು ಪೂರ್ತಿ ಖಾಲಿ ಮಾಡಿದ ಮೊದಲ ತಾಟು ಅದು.

ಸಂಜೆಯ ಬಸ್ಸಿಗೆ ಚೀಲ ತಂದೆ. ಗುರುತಿನ ಕಂಡಕ್ಟರ್ ಚೀಲಕ್ಕೆ ಕೈ ಹಾಕುತ್ತ, "ಯಾಕ್ರಿ ಅಕ್ಕಾರ, ಇವತ್ತ ಒಬ್ಬರ ಬಂದೀರಿ? ಸಾವ್ಕಾರ್ರು ಎಲ್ಲಿ?" ಅಂದ.

"ತೀರಿಕೊಂಡ್ರಪ್ಪಾ" ಅಂದೆ. ಚೀಲದ ಇನ್ನೊಂದು ಬದಿ ನಾನು ಹಿಡಿದೆ.

ಅವನು ಕಿಟಕಿಯ ಬದಿ ಜಾಗ ಮಾಡಿಕೊಟ್ಟ. ದಾರಿಯ ಮೋಟೆಬೆನ್ನೂರು ದಾಟಿದ್ದು ನನಗೆ ಗೊತ್ತಾಗಲಿಲ್ಲ. ರಾಣೆಬೆನ್ನೂರಿನ ಸ್ಟ್ಯಾಂಡಿನಲ್ಲಿ ಅವನೇ ಬಂದು ಎಬ್ಬಿಸಿದ.