ಒಂದು ಊರು ಹಿಂದೆ

ಉಮಾಪತಿ ಎಲ್ಲಿದ್ದಾನೆಂದು ಅವನ ಬಾಯಿಂದಲೇ ಕೇಳಿ ನಂಬಿದವರು ಕೆಟ್ಟರು. ಇಪ್ಪತ್ತಾರು ವರ್ಷ ಲಾರಿ ಓಡಿಸಿದ ಮನುಷ್ಯ, ಒಂದು ದಿನವಾದರೂ ತಾನು ನಿಂತ ಊರಿನ ಹೆಸರು ಹೇಳಿದ್ದನ್ನು ನಾನು ಕಾಣೆ. ಅದು ಅವನೊಬ್ಬನ ಚಾಳಿಯಲ್ಲ, ಆ ಕಸುಬಿನವರು ಬಹಳ ಮಂದಿ ಹಾಗೇ. ಮಾಲೀಕ ಫೋನು ಮಾಡಿದರೆ ಒಂದು ಊರು ಮುಂದೆ ಹೇಳಬೇಕು, ಹೆಂಡತಿ ಮಾಡಿದರೆ ಒಂದು ಊರು ಹಿಂದೆ. ಮಾಲೀಕನಿಗೆ ಯಾಕೆ ಸುಳ್ಳು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಂಡತಿಗೆ ಯಾಕೋ ಎಂದು ನಾನೇ ಒಮ್ಮೆ ಅವನನ್ನು ತರಾಟೆಗೆ ತೆಗೆದುಕೊಂಡಿದ್ದೆ.

"ಇಲ್ಲೇ ಸಮೀಪ ಬುಟಿಬೋರಿಗೆ ಬಂದೀನಿ ಅಂದ್ರ ಅಕಿ ಒಲಿ ಹಚ್ಚಿ ಕುಂದರ್ತಾಳ್ರೀ ಅಕ್ಕಾರ," ಎಂದಿದ್ದ. "ಮುಂದ ಜಾಮ್ ಆತು, ಪೊಲೀಸ್ನಾಂವ ಹಿಡದ, ಟೈಯರ್ ಹೋತು, ಏನಂತ ಹೇಳ್ಲಿ? ಹಿಂದಿನ ಊರು ಹೇಳಿದ್ರ ಕಾಯೂದಿಲ್ಲ. ಉಂಡು ಮಲಗ್ತಾಳ."

ಹಾಗೆ ಕಾದದ್ದು ಒಮ್ಮೆ ನಡೆದಿತ್ತು. ಮದುವೆಯಾದ ಮರುವರ್ಷ ಅವನು ಸತ್ಯ ಹೇಳಿ, ಹದಿನಾಲ್ಕು ತಾಸು ಹೆದ್ದಾರಿಯಲ್ಲಿ ಸಿಕ್ಕಿಬಿದ್ದ. ಬಸುರಿ ಹೆಂಗಸು, ಗಂಡ ಬಂದಮೇಲೆ ಉಣ್ಣೋಣವೆಂದು ಉಪವಾಸ ಕೂತು, ತಲೆ ತಿರುಗಿ ಒಲೆಯ ಮೇಲೆ ಬಿದ್ದಳು. ಎಡಗೈಯ ಮೇಲೆ ಆ ಸುಟ್ಟ ಕಲೆ ಇನ್ನೂ ಇದೆ. ಅಂದಿನಿಂದ ಶುರುವಾಯಿತು ಈ ಹಿಂದಿನ ಊರಿನ ಲೆಕ್ಕ.

ಆ ಹೆಂಗಸೇ ಇಂದುಮತಿ. ನಾನು ಧಾರವಾಡದವಳು, ಹೆಸರು ಲೀಲಾ, ನಾಗಪುರದ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತಳಾದವಳು. ಇಂದುಮತಿ ಇಂಡಿ ಕಡೆಯವಳು. ಉಮರೇಡ್ ರಸ್ತೆಯ ಕಡೆ ಎರಡು ಕೋಣೆಯ ಮನೆ ಮಾಡಿಕೊಂಡು, ಇಲ್ಲಿನ ಏಳೆಂಟು ಕನ್ನಡದ ಮನೆಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನಮ್ಮ ಮನೆಯಲ್ಲಿ ಹದಿನೈದು ವರ್ಷದಿಂದ ಬಡಿಯುತ್ತಿದ್ದಾಳೆ. ಬಡಿಯುತ್ತ ಬಡಿಯುತ್ತಲೇ ಕಿವಿಗೂ ಹೆಗಲಿಗೂ ನಡುವೆ ಮೊಬೈಲು ಸಿಕ್ಕಿಸಿಕೊಂಡು ಗಂಡನ ಜೊತೆ ಮಾತು. ತಿಂಗಳಿಗೆ ನಾಲ್ಕೋ ಐದೋ ದಿನ ಅವನು ಮನೆಯಲ್ಲಿ. ಉಳಿದ ಸಂಸಾರವೆಲ್ಲ ಫೋನಿನಲ್ಲಿಯೇ. ಮಗಳು ಅಕ್ಷರಾಳ ಶಾಲೆ, ಸೋರುವ ತಗಡು, ಅತ್ತೆಯ ತಿಥಿ, ಜಗಳ, ರಮಿಸುವುದು, ಎಲ್ಲ ಅವಳ ದನಿಯ ಮೇಲೆ ನಡೆಯಿತು.

ಅವನ ಸುಳ್ಳು ಅವಳಿಗೆ ತಿಳಿಯದ್ದೇನಲ್ಲ. "ಅವರು ಹೇಳಿದ್ದಕ್ಕ ಒಂದು ಊರು ಕೂಡ್ಸಬೇಕ್ರಿ, ಬರೋಬರ್ ಬರ್ತೈತಿ," ಎಂದು ನಗುತ್ತಿದ್ದಳು. ದಕ್ಷಿಣದಿಂದ ನಾಗಪುರಕ್ಕೆ ಬರುವ ದಾರಿಯಲ್ಲಿ ಹಿಂಗಣಘಾಟ್ ಎಂದರೆ ಬುಟಿಬೋರಿ. ಆದಿಲಾಬಾದ್ ಎಂದರೆ ಪಾಂಢರಕವಡಾ. ಹಾಗೆ ಕೂಡಿಸಿ, ಅವನು ಬಾಗಿಲು ತಟ್ಟುವ ಹೊತ್ತಿಗೆ ಏನೂ ಗೊತ್ತಿಲ್ಲದವಳ ಹಾಗೆ ಬೆರಗು ನಟಿಸುತ್ತಿದ್ದಳು. ಮಳ್ಳಿ!

ಮಾಲೀಕನಿಗೆ ಹೇಳುವ ಸುಳ್ಳು ಈಗ ನಡೆಯುವುದಿಲ್ಲ. ಅವನ ಮೊಬೈಲಿನಲ್ಲಿ ಲಾರಿ ಒಂದು ಚುಕ್ಕೆಯಾಗಿ ಕಾಣುತ್ತದೆ, ಚುಕ್ಕೆ ಹತ್ತು ನಿಮಿಷ ನಿಂತರೆ ಫೋನು ಬರುತ್ತದೆ. ಮೊದಲು ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದ, ಈಗ ಅವನೂ ಇಲ್ಲ, ಒಬ್ಬನೇ ಸಾಯಬೇಕು. ಎರಡು ದಿನ ಓಡಿಸುವುದು, ಮೂರು ದಿನ ಗೋದಾಮಿನ ಮುಂದೆ ಸಾಲಿನಲ್ಲಿ ನಿಲ್ಲುವುದು. ಸಾಲಿಗೆ ಚೀಟಿ ಕೊಡುತ್ತಾರೆ. ನಿನ್ನ ನಂಬರು ಕೂಗಿದಾಗ ಗಾಡಿ ಮುಂದೆ ಸರಿಯದಿದ್ದರೆ ಚೀಟಿ ರದ್ದು, ಮತ್ತೆ ಬಾಲಕ್ಕೆ ಹೋಗಿ ನಿಲ್ಲಬೇಕು. ಕಕ್ಕಸಿಲ್ಲ, ನೆರಳಿಲ್ಲ, ನಾಗಪುರದ ಬಿಸಿಲು. ಕಾವಲುಗಾರ ಕೂಡ "ಏ ಡ್ರೈವರ್, ಚಲ್ ಹಟ್" ಎಂದು ಗದರಿ ಅಟ್ಟುತ್ತಾನೆ. ಇಡೀ ದೇಶದ ಸಾಮಾನು ಹೊತ್ತು ತಂದವನಿಗೆ ಒಂದು ಹೆಸರೂ ಇಲ್ಲ. ನನಗೆ ಮೈ ಉರಿಯುತ್ತದೆ. ಅವನಿಗೆ ಉರಿಯುವುದು ಎಂದೋ ನಿಂತುಹೋಗಿದೆ.

ಕಳೆದ ವರ್ಷ ಇಂದುಮತಿಯ ದನಿ ಒಡೆಯಿತು. ನೆಗಡಿ ಎಂದು ಕಷಾಯ ಕುಡಿದಳು, ಹಿಟ್ಟಿನ ಧೂಳೆಂದು ಮೂಗಿಗೆ ಬಟ್ಟೆ ಕಟ್ಟಿದಳು. ದೀಪಾವಳಿಯ ಹೊತ್ತಿಗೆ ನಾನೇ ಬೈದು ರಾಮದಾಸಪೇಠಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಂಟಲಿನೊಳಗೆ ಗಡ್ಡೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಉಮಾಪತಿಯನ್ನೂ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಜೀವ ಉಳಿಯಬಹುದು, ಆದರೆ ಇನ್ನು ಮಾತು ಬರುವುದಿಲ್ಲ. ಆಪರೇಷನ್ ಗುರುವಾರ, ಮಧ್ಯಾಹ್ನ ಎರಡಕ್ಕೆ ಎಂದು ಗೊತ್ತಾಯಿತು.

ನಡುವೆ ಒಂದು ವಾರವಿತ್ತು. ಅಷ್ಟರಲ್ಲಿ ಹೊಸೂರಿಗೆ ಹೋಗಿ ಬಾ ಎಂದ ಮಾಲೀಕ. ಒಲ್ಲೆ ಎಂದರೆ ಲಾರಿ ಇನ್ನೊಬ್ಬನ ಕೈಗೆ. ಹೊರಡುವಾಗ ಇಂದುಮತಿ ನನ್ನ ಎದುರಿಗೇ ಅವನಿಗೆ ಹೇಳಿದಳು: "ನಿಮ್ಮ ಜೋಡಿ ಒಂದು ಮಾತು ಆಡೂದೈತಿ. ಫೋನಿನ್ಯಾಗ ಅಲ್ಲ. ಮುಂದ ಕುಂತು."

"ಮಂಗಳವಾರಕ್ಕ ಮನ್ಯಾಗಿರ್ತೀನಿ ತಗೋ. ಇಡೀ ದಿನ ಮಾತಾಡು," ಎಂದು ಹೋದ.

ಮಂಗಳವಾರ ಅವನು ಬರಲಿಲ್ಲ. ಬುಧವಾರ ಫೋನಿನಲ್ಲಿ ನಿರ್ಮಲ್ ಎಂದ. ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವಳೇ ಮಾಡಿದಳು. ಆಸ್ಪತ್ರೆಯ ಮಂಚದ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅಕ್ಷರಾ. ಸ್ಪೀಕರ್ ಹಾಕಿದ್ದರಿಂದ ಎಲ್ಲ ಕೇಳಿಸುತ್ತಿತ್ತು.

"ಎಲ್ಲಿದ್ದೀರಿ?"

"ಆದಿಲಾಬಾದ್."

"ಖರೆ ಹೇಳ್ರಿ. ಇವತ್ತೊಂದಿನ ಖರೆ ಹೇಳ್ರಿ."

ಅವನ ಹಿಂದೆ ಯಾವುದೋ ಲಾರಿ ಹಾರ್ನ್ ಹೊಡೆಯಿತು. "ಖರೇನ. ಆದಿಲಾಬಾದ್. ಎರಡಕ್ಕ ಇನ್ನೂ ಟೈಮ್ ಐತಿ, ನೀ ಕಾಳಜಿ ಮಾಡಬ್ಯಾಡ."

"ಹೂಂ. ಸಾವಕಾಶ ಬರ್ರಿ," ಎಂದು ಅವಳು ಇಟ್ಟಳು. ಆಮೇಲೆ ಅಭ್ಯಾಸದಂತೆ ಒಂದು ಊರು ಕೂಡಿಸಿದಳು. ಪಾಂಢರಕವಡಾ. ಅಲ್ಲಿಂದ ನೂರೈವತ್ತು ಕಿಲೋಮೀಟರು, ನಾಗಪುರ ಸುತ್ತಿ ಅದರ ಅಂಚಿನ ವಾಡಿಯ ಗೋದಾಮು, ಅಲ್ಲಿ ಇಳಿಸುವುದು. ಬೆರಳು ಮಡಚಿ ಎಣಿಸಿ, ಸಂಜೆಯ ತನಕ ಬರುವುದಿಲ್ಲ ಎಂದಳು.

ಒಂಬತ್ತಕ್ಕೆ ಚಿಕ್ಕ ಡಾಕ್ಟರು ಧನಶ್ರೀ ಬಂದರು. ಬೆಳಗಿನ ಪಾಳಿಯ ರೋಗಿಗೆ ರಕ್ತದೊತ್ತಡ ಏರಿದೆ, ಅವರದು ಮುಂದಕ್ಕೆ ಹೋಯಿತು, ನೀವು ಹೇಗೂ ಉಪವಾಸ ಇದ್ದೀರಿ, ಹತ್ತಕ್ಕೇ ತೆಗೆದುಕೊಳ್ಳಲೇ, ಇಲ್ಲ ಎರಡಕ್ಕೇ ಇರಲೇ ಎಂದು ಕೇಳಿದರು. ಒತ್ತಾಯವೇನೂ ಇರಲಿಲ್ಲ. ಇಂದುಮತಿ ನನ್ನ ಮುಖ ನೋಡಿದಳು.

"ಎರಡಕ್ಕೂ ಅವರು ಬರಂಗಿಲ್ರಿ ಅಕ್ಕಾರ. ಏನ್ ಮಾಡ್ಲಿ?"

ಎಲ್ಲ ತಿಳಿದವಳ ಹಾಗೆ ನಾನು ಬಾಯಿ ಹಾಕಿದೆ. "ಹಂಗಾದ್ರ ಈಗ ಮುಗಿಸಿಬಿಡು. ಸುಮ್ನ ನೀರಿಲ್ದ ಯಾಕ ಒಣಗ್ತಿ?" ನನ್ನ ನಾಲಿಗೆ ಬಿದ್ದುಹೋಗಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುತ್ತ ಬಂದವಳು ನಾನು.

ಅಕ್ಷರಾ ಎರಡು ಸಲ ಅಪ್ಪನಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮೂರನೆಯ ಸಲ ಮಾಡಲು ಹೋದರೆ ಇಂದುಮತಿಯೇ ತಡೆದಳು. "ಬಿಡವಾ. ಸ್ಟೇರಿಂಗ್ ಮ್ಯಾಲೆ ಕೈ ಇದ್ದಾಗ ಎತ್ತಬಾರದಂತ ನಾನ ಆಣಿ ಹಾಕೀನಿ." ಹತ್ತಕ್ಕೆ ಅವಳನ್ನು ಒಳಗೆ ಒಯ್ದರು. ಬಾಗಿಲವರೆಗೂ ಮಗಳಿಗೆ ರೊಟ್ಟಿ ಹಿಟ್ಟಿನ ಡಬ್ಬಿ ಎಲ್ಲಿದೆ, ಹಾಲಿನವನಿಗೆ ಏನು ಹೇಳಬೇಕು ಎಂದು ಒಡಕು ದನಿಯಲ್ಲಿ ಹೇಳುತ್ತಲೇ ಹೋದಳು.

ಹನ್ನೊಂದಕ್ಕೆ ಅಕ್ಷರಾಳ ಫೋನು ರಿಂಗಾಯಿತು, ಅಪ್ಪನದು. ಹುಡುಗಿಗೆ ಗಾಬರಿಯಾದರೆ ಕನ್ನಡ ಹೊರಡುವುದಿಲ್ಲ, ಮರಾಠಿಯೇ. "ಬಾಬಾ, ಆಯಿಲಾ ಆತ ನೇಲಂ," ಎಂದಳು. ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು ಎಂದು. ಆ ಕಡೆ ಫೋನು ಕಟ್ಟಾಯಿತು. ಇಪ್ಪತ್ತೈದು ನಿಮಿಷದಲ್ಲಿ ಉಮಾಪತಿ ಮೆಟ್ಟಿಲು ಹತ್ತಿ ಬಂದು ನಮ್ಮೆದುರು ನಿಂತ. ಕಾಲಲ್ಲಿ ಲಾರಿಯೊಳಗೆ ಹಾಕುವ ಹವಾಯಿ ಚಪ್ಪಲಿ.

ನನಗೆ ತಲೆಯೇ ಓಡಲಿಲ್ಲ. "ಆದಿಲಾಬಾದಿನಿಂದ ಹಾರಿ ಬಂದ್ಯೇನೋ?" ಎಂದೆ.

"ವಾಡಿಯಿಂದ್ರಿ."

"ವಾಡಿಗೆ ಯಾವಾಗ ಬಂದಿದ್ದಿ?"

"ನಿನ್ನೆ ಮುಂಜಾನೆ."

ವಾಡಿಯಿಂದ ಆ ಆಸ್ಪತ್ರೆಗೆ ಎಂಟು ಒಂಬತ್ತು ಕಿಲೋಮೀಟರು. ಒಂದು ಹಗಲು, ಒಂದು ರಾತ್ರಿ ಅವನು ಅಷ್ಟು ಹತ್ತಿರ ಸಾಲಿನಲ್ಲಿ ನಿಂತಿದ್ದ. ಮುಂದೆ ಹತ್ತೊಂಬತ್ತು ಲಾರಿ. ಕೆನ್ನೆಗೆ ಬಾರಿಸಬೇಕು ಎನ್ನಿಸಿತು. "ಆಗ್ಲೇ ಹೇಳಿದ್ರ ನಿನ್ನ ಬಾಯಿ ಬೀಳ್ತಿತ್ತೇನು?" ಎಂದು ಕಿರುಚಿದೆ, ನರ್ಸು ಬಂದು ಸುಮ್ಮನಿರಿಸಿದಳು.

ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತು ಹೇಳಿದ. ಬೆಳಿಗ್ಗೆ ಮುಂದೆ ನಾಲ್ಕೇ ಲಾರಿ ಉಳಿದಿದ್ದವು. ಹನ್ನೊಂದಕ್ಕೆ ಇಳಿಸಿ, ಹನ್ನೆರಡಕ್ಕೆ ಇಲ್ಲಿಗೆ ಬಂದು ಎದುರು ನಿಂತುಬಿಡುವುದು ಅವನ ಯೋಚನೆ. ವಾಡಿ ಎಂದರೆ ಅವಳು ಈಗಲೇ ಬನ್ನಿ ಎನ್ನುತ್ತಾಳೆ. ಬಿಟ್ಟು ಬಂದರೆ ನಂಬರು ಹೋಗುತ್ತದೆ. ಬರಲಿಲ್ಲವೆಂದರೆ ಬಾಗಿಲ ಕಡೆ ಕಣ್ಣಿಟ್ಟು ಕಾಯುತ್ತಾಳೆ. "ಇಷ್ಟು ಸಮೀಪ ಇದ್ದು ಬರಾಕಾಗವಲ್ದು ಅಂತ ಹೆಂಗ ಹೇಳ್ಲಿರಿ? ನಾಚಿಕಿ ಬಂತು. ಅದಕ್ಕ ದೂರ ಹೇಳ್ದೆ."

ಆದರೂ ಮನಸ್ಸು ತಡೆಯದೆ, ಅಕ್ಷರಾ ಫೋನು ಮಾಡಿದಾಗ ಅವನು ಗೋದಾಮಿನ ಕಚೇರಿಯಲ್ಲಿ ಕೈಮುಗಿದು ನಿಂತಿದ್ದ, ಒಂದು ಗಂಟೆ ಹೊರಗೆ ಬಿಡಿ, ನಂಬರು ಕಾಯ್ದಿಡಿ ಎಂದು. ಒಳಗೆ ಹೋಗುವವರು ಮೊಬೈಲನ್ನು ಗೇಟಿನಲ್ಲಿ ಇಟ್ಟು ಹೋಗಬೇಕು. ಒಂದೂವರೆ ತಾಸು ಕಾಯಿಸಿ ಆಗುವುದಿಲ್ಲ ಎಂದರು. ಹೊರಗೆ ಬಂದು ಫೋನು ನೋಡಿದ, ಮಗಳ ಜೊತೆ ಮಾತಾಡಿದ, ಹಿಂದಿನ ಲಾರಿಯವನ ಕೈಗೆ ಕೀಲಿಕೈ ಕೊಟ್ಟು ರಿಕ್ಷಾ ಹತ್ತಿದ. ಕೊನೆಗೂ ಲಾರಿ ಬಿಟ್ಟೇ ಬಂದ. ಅದೇ ಕೆಲಸ ಎರಡೂವರೆ ತಾಸು ಮೊದಲು ಮಾಡಬಹುದಿತ್ತು. ಮಾಡಲಿಲ್ಲ.

ಕಿರುಚಿದೆನಲ್ಲ, ಆಮೇಲೆ ನನಗೆ ನನ್ನ ಮಾತು ನೆನಪಾಯಿತು. ಹತ್ತಕ್ಕೆ ಮುಗಿಸಿಬಿಡು ಎಂದವಳು ನಾನು. ಅದನ್ನು ಅವನಿಗೆ ಹೇಳಲು ನನಗೆ ಹದಿನೈದು ದಿನ ಬೇಕಾಯಿತು. ಹೇಳಿದಾಗ, "ಇರ್ಲಿ ಬಿಡ್ರಿ ಅಕ್ಕಾರ," ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಇಂದುಮತಿ ಬದುಕಿಕೊಂಡಳು. ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ತೋರಿಸಿದರು. ಒಮ್ಮೆ ಹಿಡಿದಳು, ಡಬ್ಬಿಯೊಳಗಿಂದ ಬಂದಂಥ ಆ ಗರಗರ ದನಿ ಕೇಳಿ ತಾನೇ ಬೆಚ್ಚಿ ಕೆಳಗಿಟ್ಟಳು. ಮತ್ತೆ ಮುಟ್ಟಲಿಲ್ಲ. ನಾನು ಒಂದು ಪಾಟಿ, ಬಳಪ ತಂದುಕೊಟ್ಟೆ. ಏಳನೆಯ ಇಯತ್ತೆಯ ತನಕ ಓದಿದವಳು, ಅಕ್ಷರ ಮುದ್ದಾಗಿ ಬರೆಯುತ್ತಾಳೆ.

ಆದರೆ ಉಮಾಪತಿಗೆ ಓದಲು ಬರುವುದಿಲ್ಲ. ಹೆದ್ದಾರಿಯ ಬೋರ್ಡಿನ ಮೇಲಿನ ಊರುಗಳನ್ನು ಆಕಾರದಿಂದ ಗುರುತಿಸುತ್ತಾನೆ, ಅಷ್ಟೇ. ಮಗಳಿಗೆ ಮರಾಠಿ ಬರುತ್ತದೆ, ಕನ್ನಡದ ಅಕ್ಷರ ತಿಳಿಯದು. ಇಂದುಮತಿ ಗಂಡನಿಗೆ ಏನು ಬರೆದರೂ ಅದನ್ನು ಓದಿ ಹೇಳಬೇಕಾದವಳು ನಾನು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು ಮಂಚದ ಕೆಳಗೆ ಕೂತು ಕೇಳಿದ: "ಅದೇನೋ ಮಾತು ಆಡೂದೈತಿ ಅಂದಿದ್ದೆಲ್ಲ, ಏನದು?" ಅವಳು ಬಳಪ ಹಿಡಿದು ಎರಡು ಸಾಲು ಬರೆದಳು. ಆಮೇಲೆ ನನ್ನ ಕಡೆ ನೋಡಿ, ಅಂಗೈಯಿಂದ ಒರೆಸಿ, ಬೇರೆ ಬರೆದು ನನ್ನ ಕೈಗೆ ಕೊಟ್ಟಳು. "ನೀವು ಓದಿ ಹೇಳೂ ಮಾತಲ್ರಿ ಅಕ್ಕಾರ" ಎಂದು ಇತ್ತು. ನಾನು ಅವನಿಗೆ ಅದನ್ನೂ ಓದಿ ಹೇಳಬೇಕಾಯಿತು.

ಅವಳ ದನಿಯ ಮೆಸೇಜು ಅವನ ಮೊಬೈಲಿನಲ್ಲಿ ಒಂದೇ ಒಂದು ಇದೆ. ಹಳೆಯ ಫೋನು ಢಾಬಾದಲ್ಲಿ ಕಳುವಾಗಿತ್ತು, ಹೊಸದರಲ್ಲಿ ಉಳಿದದ್ದು ಹನ್ನೊಂದು ಸೆಕೆಂಡು. "ಗ್ಯಾಸ್ ಖಾಲಿ ಆಗೈತ್ರಿ, ಬುಕ್ ಆಗವಲ್ದು, ನೀವು ಒಂಚೂರು ನೋಡ್ರಿ." ಅದನ್ನೇ ಹಚ್ಚಿ ಹಚ್ಚಿ ಕೇಳುತ್ತಾನೆ.

ಲಾರಿ ಬಿಟ್ಟು ಹೋದದ್ದಕ್ಕೆ ಆ ಮಾಲೀಕ ಅವನನ್ನು ತೆಗೆದುಹಾಕಿದ. ತಿಂಗಳೊಳಗೆ ಇನ್ನೊಬ್ಬನ ಲಾರಿ ಹತ್ತಿದ, ಅದೇ ರಸ್ತೆ, ಅದೇ ವಾಡಿ. ಬೇರೆ ಏನು ಗೊತ್ತಿದೆ ಅವನಿಗೆ? ದಿನಾ ಫೋನು ಮಾಡುತ್ತಾನೆ. ಅವಳು ಬಳೆಯಿಂದ ಮೊಬೈಲಿಗೆ ತಟ್ಟುತ್ತಾಳೆ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಈಗ ಅವನು ಸುಳ್ಳು ಹೇಳುವುದಿಲ್ಲ. ಗೇಣು ಗೇಣಿಗೂ ನಿಂತ ಊರಿನ ಹೆಸರನ್ನೇ ಹೇಳುತ್ತಾನೆ.

ಮೊನ್ನೆ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಫೋನು ಬಂತು. ಸ್ಪೀಕರ್ ಹಾಕಿ ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿಟ್ಟಳು.

"ಇಂದೂ, ಆದಿಲಾಬಾದ್‌ದಾಗ ಅದೀನಿ."

ಅವಳು ಎರಡು ಸಲ ತಟ್ಟಿದಳು.

"ಖರೇನ ಮಾರಾಯ್ತಿ. ಬೋರ್ಡಿನ ಮುಂದ ನಿಂತೀನಿ. ನಿನ್ನ ಆಣಿ."

ಮತ್ತೆ ಎರಡು ಸಲ.

"ಒಮ್ಮೆರ ನಂಬ. ಒಂದ ಸಲ ತಟ್ಟ."

ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಮೊಬೈಲಿನ ಮೇಲೆ ಬಾಗಿ, ಎರಡು ಸಲ ತಟ್ಟಿದಳು. ಆಮೇಲೆ ರೊಟ್ಟಿ ತಿರುವಿ ಹಾಕಿದಳು.