ಎಣ್ಣೆ ಕುಡಿದ ನೀಲಿ ಕಲ್ಲು

ಹಂದನಕೆರೆಯ ಕೆಂಪಕ್ಕ ಹಗಲೆಲ್ಲ ಕೊಬ್ಬರಿಯ ಚಿಪ್ಪು ಬಿಡಿಸುವವಳು. ಕೈ ಕೆಲಸದಲ್ಲಿದ್ದರೂ ಮನಸ್ಸು ಮಾತ್ರ ಎಲ್ಲೋ ತೇಲುತ್ತಿರುತ್ತದೆ. ಆ ಚಟ ಹತ್ತಿಸಿದವರು ಟೀಚರಮ್ಮ. ಮೂವತ್ತೈದು ವರ್ಷದ ಕೆಳಗೆ ಊರಿನ ಶಾಲೆಗೆ ಬಂದಿದ್ದ ಆ ಕ್ರೈಸ್ತ ಹೆಂಗಸಿಗೆ ಕೆಂಪಕ್ಕ ಅಡುಗೆ ಮಾಡಿಹಾಕುತ್ತಿದ್ದಳು. ಭಾನುವಾರ ಟೀಚರಮ್ಮ ತಮ್ಮ ವೇದಪುಸ್ತಕ ಬಿಚ್ಚಿ ಓದಿ ಹೇಳುತ್ತಿದ್ದರು. ದೇವರ ಪಾದದ ಕೆಳಗೆ ನೀಲಮಣಿ ಹಾಸಿದ ನೆಲವಿತ್ತಂತೆ, ಆಕಾಶದಷ್ಟು ತಿಳಿಯಾಗಿ. ಆ ಕಲ್ಲಿನಲ್ಲಿ ಚಿನ್ನದ ಪುಡಿ ಇರುತ್ತದಂತೆ. ಕೇಳುತ್ತ ಕೇಳುತ್ತ ಕೆಂಪಕ್ಕ ಒಲೆಯ ಮುಂದೆ ಕೂತೇ ಆ ನೆಲದ ಮೇಲೆ ಬರಿಗಾಲಲ್ಲಿ ನಡೆದುಬಿಡುತ್ತಿದ್ದಳು. ಅಂಗಾಲು ತಣ್ಣಗಾಗುತ್ತಿತ್ತು. ಸಾರು ಸೀದುಹೋದದ್ದೂ ಉಂಟು.

ವರ್ಗವಾಗಿ ಹೋಗುವಾಗ ಟೀಚರಮ್ಮ ಅಡಿಕೆ ಗಾತ್ರದ ನೀಲಿ ಕಲ್ಲೊಂದನ್ನು ಅವಳ ಕೈಯಲ್ಲಿಟ್ಟು, "ಇದು ಅದೇ ಕಲ್ಲು, ಕೆಂಪಕ್ಕ" ಅಂದಿದ್ದರು. ಈಗ ಅವರಿಲ್ಲ.

ದೇವರ ಕಲ್ಲು ಅಂದಮೇಲೆ ಎಣ್ಣೆ ಬೇಡವೇ? ಪ್ರತಿ ಸೋಮವಾರ ಕೆಂಪಕ್ಕ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತ ಬಂದಳು.

ಮೊನ್ನೆ ಸೊಸೆ ಶಿಲ್ಪ ಅದನ್ನು ತಿಪಟೂರಿನ ಒಂದು ಒಡವೆ ಅಂಗಡಿಗೆ ಒಯ್ದಳು. ಅಂಗಡಿಯವನು ಕೈಯಲ್ಲಿ ಹಿಡಿಯುವಷ್ಟು ಮರ್ಯಾದೆಯನ್ನೂ ತೋರದೆ, ನೀಲಮಣಿಯಾದರೆ ಬೆಳಕು ಹಾಯಬೇಕು, ಇದು ರಸ್ತೆ ಕಲ್ಲು ಅಂದನಂತೆ.

"ನಿಮ್ ಟೀಚರಮ್ಮ ಟೋಪಿ ಹಾಕವ್ರೆ ಕಣತ್ತೆ," ಅಂದಳು ಶಿಲ್ಪ. "ಅಷ್ಟು ವರ್ಷ ಬೇಯ್ಸಾಕಿದ್ದಕ್ಕೆ ಒಂದು ಕಲ್ಲು."

ಕೆಂಪಕ್ಕನಿಗೆ ಅನ್ನ ಸೇರಲಿಲ್ಲ. ಕಲ್ಲು ಹೋದರೆ ಹಾಳಾಗಲಿ, ಟೀಚರಮ್ಮನ ಬಾಯಿ ಸುಳ್ಳು ಹೇಳಿತ್ತೆ? ಹೇಳಿದ್ದರೆ ಆ ಭಾನುವಾರಗಳೂ ಸುಳ್ಳು. ಬೆಳಗಿನ ಬಸ್ಸು ಹತ್ತಿ ಚಿಕ್ಕನಾಯಕನಹಳ್ಳಿಗೆ ಹೋದಳು. ಅಲ್ಲಿ ಉಂಗುರಕ್ಕೆ ಹರಳು ಕೂರಿಸುವ ಮಹಮ್ಮದ್ ಇಸ್ಮಾಯಿಲ್ ಇದ್ದರು.

ಇಸ್ಮಾಯಿಲ್ ಕಲ್ಲನ್ನು ಮೂಸಿದರು. "ಏನಮ್ಮಾ ಇದು, ಒಗ್ಗರಣೆಗೆ ಹಾಕಿದ್ರಾ?"

"ಮೂವತ್ತು ವರ್ಷದಿಂದ ಎಣ್ಣೆ ಹಚ್ತಾ ಇವ್ನಿ ಸಾಬ್ರೆ."

"ಹಂಗೇಳಿ ಮತ್ತೆ. ಜಿಡ್ಡು ಕಟ್ಟೈತೆ."

ಮನೆಯೊಳಗಿಂದ ಕಡಲೆಹಿಟ್ಟು ತಂದು ತಿಕ್ಕಿದರು, ಬೆಚ್ಚನೆ ನೀರಲ್ಲಿ ತೊಳೆದರು, ಮತ್ತೆ ತಿಕ್ಕಿದರು. ಕಪ್ಪು ಬಿಡುತ್ತ ಬಿಡುತ್ತ ಒಳಗಿನ ನೀಲಿ ಎದ್ದು ಬಂತು, ಬೆಳಕು ಹರಿಯುವ ಮುಂಚಿನ ಆಕಾಶದಂತೆ. ಬಿಸಿಲಿಗೆ ಹಿಡಿದರೆ ಅದರ ತುಂಬ ಹೊನ್ನಿನ ಚುಕ್ಕಿ. ರಸ್ತೆಯ ಬಸ್ಸುಗಳ ಸದ್ದು ನೀರಿನಡಿಯಿಂದ ಬಂದಂತೆ ಕೇಳಿಸಿತು.

"ಇದು ಲಾಜವರ್ದ್ ಅನ್ನೋ ನೀಲಿ ಕಲ್ಲು," ಅಂದರು ಇಸ್ಮಾಯಿಲ್. "ಈಗಿನ ನೀಲಮಣಿ ಬೇರೆ."

ಕೆಂಪಕ್ಕ ಅವರ ಕೈಯಲ್ಲಿದ್ದ ಕಲ್ಲಿನತ್ತ ಬಾಗಿದಳು. "ಹಂಗಾರೆ ಸುಳ್ಳಾ? ಆ ಕಲ್ನಾಗೆ ಚಿನ್ನದ ಪುಡಿ ಇರ್ತದೆ ಅಂತ ಪುಸ್ತಕದಾಗೆ ಓದೋರು ಟೀಚರಮ್ಮ."

ಇಸ್ಮಾಯಿಲ್ ಕನ್ನಡಕ ತೆಗೆದರು. "ಚಿನ್ನದ ಪುಡಿನಾ? ನಲವತ್ತು ವರ್ಷದಿಂದ ನೀಲ ಕೂರಿಸ್ತಿದೀನಿ, ಅದ್ರಾಗೆ ಚಿನ್ನದ ಪುಡಿ ಎಲ್ಲಿಂದ ಬರ್ಬೇಕು? ಅದಿರೋದು ಇದ್ರಾಗೆ. ಇದೂ ಚಿನ್ನ ಅಲ್ಲ ಬುಡಿ, ಹಂಗೆ ಹೊಳೀತದೆ ಅಷ್ಟೆ. ಆ ಕಾಲದೋರು ನೀಲಮಣಿ ಅಂದಿದ್ದು ಇದನ್ನೇ ಇರ್ಬೇಕು ಕಣಮ್ಮಾ. ನಿಮ್ ಟೀಚರಮ್ಮ ಸರಿಯಾಗೇ ಹೇಳವ್ರೆ."

"ಇನ್ನೊಂದ್ಸಲ ಹೇಳಿ."

ಹೇಳಿದರು.

ಕೆಂಪಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೊಬೈಲು ತೆಗೆದು ಸೊಸೆಯ ನಂಬರು ಒತ್ತಿ, ಅವರ ಕೈಗೇ ಕೊಟ್ಟಳು.

"ಇವ್ಳಿಗೂ ಹೇಳಿ ಸಾಬ್ರೆ. ನಿಧಾನಕ್ಕೆ ಹೇಳಿ. ನಾನು ಕೇಳ್ಕಂಡು ಕೂತಿರ್ತೀನಿ."