ಅಚ್ಚಿಗೆ ಹಚ್ಚಿದ ವಿಭೂತಿ

ಮಧುಕೇಶ್ವರ ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಹಿರಿಯ ಲೋಹತಜ್ಞ. ಎಂಜಿನ್ನಿನ ತುಂಡಿನಲ್ಲಿ ಬಿರುಕು ಕಂಡರೆ ‘ಬೇಡ’ ಅನ್ನುವುದು ಅವನ ಕೆಲಸ. ವರ್ಷಗಟ್ಟಲೆ ಬೇಡ ಬೇಡ ಅಂದು ಅದೇ ರೂಢಿಯಾಗಿ, ಹೆಂಡತಿ ಇನ್ನೊಂದು ರೊಟ್ಟಿ ಹಾಕಲೇ ಅಂದರೂ ಬೇಡವೆಂದು ಅರೆಹೊಟ್ಟೆಯಲ್ಲಿ ಏಳುತ್ತಿದ್ದ. ೧೯೬೪ರ ಸುಗ್ಗಿಯಲ್ಲಿ ರಜೆ ಹಾಕಿ ದಾಸನಕೊಪ್ಪದ ಮನೆಗೆ ಬಂದದ್ದು ಬರೀ ನಿದ್ದೆ ಮಾಡಲಿಕ್ಕೆ.

ಅಂಗಳದ ಗದ್ದಲ ಅದಕ್ಕೂ ಕಲ್ಲು ಹಾಕಿತು. ಬಾಣಂತನ ಮುಗಿಸಿದ ತಂಗಿ ನೀಲಗಂಗವ್ವನನ್ನು ಕೂಸಿನ ಸಮೇತ ಹಳ್ಳದಾಚೆಯ ಗಂಡನ ಮನೆಗೆ ಬಿಡಲು ಅಣ್ಣ ಶಂಕ್ರಪ್ಪ ಚಕ್ಕಡಿ ಹೂಡುತ್ತಿದ್ದ. ಮಧುಕೇಶ್ವರ ಕಣ್ಣುಜ್ಜುತ್ತ ಬಂದು, ಹಾಳು ಅಭ್ಯಾಸ, ಗಾಲಿಯ ಕೆಳಗೆ ಬಗ್ಗಿದ. ಕಬ್ಬಿಣದ ಅಚ್ಚಿನ ಮೇಲೆ ಸಂಶಯ ಬಂತು. ಸೀಮೆಎಣ್ಣೆ ಸವರಿ, ಒರೆಸಿ, ದೇವರ ಮಾಡದಿಂದ ವಿಭೂತಿ ತಂದು ಪುಡಿ ಮಾಡಿ ಉದುರಿಸಿದ.

“ಅಚ್ಚಿಗೆ ದೀಕ್ಷಾ ಕೊಡಾಕ ಹತ್ತೀಯೇನೋ ತಮ್ಮಾ?” ಅಂದ ಶಂಕ್ರಪ್ಪ. “ಹಂಗಿದ್ರ ಒಂದು ಲಿಂಗಾನೂ ಕಟ್ಟಿಬಿಡು.”

ಒಳಗೆ ಇಂಗಿದ್ದ ಎಣ್ಣೆ ಮೆಲ್ಲಗೆ ಒಸರಿ, ಬಿಳಿಪುಡಿಯ ಮೇಲೆ ಕೂದಲಿನಂಥ ಗೆರೆ ಎದ್ದಿತು.

“ಬ್ಯಾಡಣ್ಣಾ. ಬಿರುಕು ಬಿಟ್ಟೈತಿ. ಹಳ್ಳದ ಇಳಕಲದಾಗ ಮುರದ್ರ ಕೂಸಿನ ಗತಿ ಏನು? ಕಬ್ಬಿಣಕ್ಕೂ ದಣಿವು ಆಗತೈತಿ.”

“ನಿನ್ನೆ ಭತ್ತ ಹೇರಿದಾಗ ದಣೀಲಿಲ್ಲ, ಇವತ್ತು ತಂಗಿ ಹತ್ತಿದ್ರ ದಣೀತೈತೇನು?”

ನೀಲಗಂಗವ್ವ ಕೂಸನ್ನು ಹೆಗಲಿಂದ ಹೆಗಲಿಗೆ ಬದಲಿಸಿದಳು. “ರಾತ್ರಿಯೆಲ್ಲ ಇದನ್ನ ಹೊತ್ತು ತಿರಗತೀನಿ. ನನ್ನ ದಣಿವು ಕಾಣಾಕ ಎಷ್ಟು ವಿಭೂತಿ ಬೇಕಣ್ಣಾ?”

ಮಧುಕೇಶ್ವರನ ಬಳಿ ‘ಬೇಡ’ ಮಾತ್ರ ಇತ್ತು. ಅದನ್ನೇ ಮತ್ತೆ ಅಂದ. ಊರಿನ ಉಳಿದ ಚಕ್ಕಡಿಗಳೆಲ್ಲ ಗದ್ದೆಯಲ್ಲಿದ್ದವು. ದೀಪ ಹಚ್ಚುವುದರೊಳಗೆ ಸೊಸೆ ಮನೆ ಸೇರಬೇಕೆಂದು ಅತ್ತೆಯ ಅಪ್ಪಣೆ. ಶಂಕ್ರಪ್ಪ ಗೊಣಗುತ್ತ ಎತ್ತು ಬಿಚ್ಚಿದ. ತೊಟ್ಟಿಲು ತಾನು ಹೊತ್ತ. ಬಟ್ಟೆ ಪಾತ್ರೆ ತುಂಬಿದ ಟ್ರಂಕನ್ನು ತಮ್ಮನ ತಲೆಯ ಮೇಲಿಟ್ಟ. “ಬ್ಯಾಡ ಅಂದಾವ ಹೊರಬೇಕು.”

ಇಳಕಲು ಇಳಿಯುವಾಗ ಕೇಳಿದ: “ಖರೇನ ಮುರೀತಿತ್ತೇನೋ?”

“ಗೊತ್ತಿಲ್ಲ.”

“ಗೊತ್ತಿಲ್ಲದ್ದಕ್ಕ ಬಾಣಂತೀನ ನಡಸಿದ್ಯಾ?”

“ವಿಮಾನಾನೂ ಹಂಗ ಅಣ್ಣಾ. ಬ್ಯಾಡ ಅಂದ ತುಂಡು ಹಾರೂದಿಲ್ಲ, ಬೀಳೂದಿಲ್ಲ. ನಾ ಅಂದಿದ್ದು ಖರೇನೋ ಸುಳ್ಳೋ, ಯಾರಿಗೂ ಗೊತ್ತಾಗೂದಿಲ್ಲ.”

“ನಿನಗ?”

“ನನಗೂ ಇಲ್ಲ.”

ಹಳ್ಳದ ದಂಡೆಯಲ್ಲಿ ಮಧುಕೇಶ್ವರ ಟ್ರಂಕು ಇಳಿಸಿ ಅದರ ಮೇಲೇ ಕುಳಿತ. ಕುತ್ತಿಗೆ ತಿರುಗುತ್ತಿರಲಿಲ್ಲ. ಹಿಂದೆ ನೀಲಗಂಗವ್ವ ಒಂದೊಂದೇ ಕಲ್ಲು ನೋಡಿ ಕಾಲಿಡುತ್ತ ಬಂದು ಸೇರಿದಳು. ಕೂಸಿಗೆ ಎಚ್ಚರವೇ ಆಗಿರಲಿಲ್ಲ.

“ಏಳೋ, ಹೊತ್ತು ಮುಳಗತೈತಿ,” ಅಂದ ಶಂಕ್ರಪ್ಪ, ತಾನೂ ಪಕ್ಕದಲ್ಲಿ ಕೂರುತ್ತ.